ಕಪ್ ಗೆದ್ದ ವರ್ಷಗಳು, ಲೀಗ್ ನಡೆದ ವರ್ಷಗಳು

ಕರ್ನಾಟಕದ ಫುಟ್‌ಬಾಲ್ ಬಗ್ಗೆ ಯಾರು ಬರೆದರೂ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯಿಂದಲೇ ಶುರು ಮಾಡುತ್ತಾರೆ. ರಾಜ್ಯ ಅದನ್ನು ಗೆದ್ದ ವರ್ಷಗಳು 1946–47, 1952–53, 1967–68, 1968–69, ಆಮೇಲೆ ಒಮ್ಮೆಲೇ 2022–23. 2023ರ ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹದ್ ಸ್ಟೇಡಿಯಂನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿದ ಸುದ್ದಿಯ ಜತೆಗೇ ಬಂದದ್ದು 54 ವರ್ಷಗಳ ಬರದ ಮಾತು. ಲೆಕ್ಕ ಸರಿಯೇ. ಆದರೆ ಇದೊಂದನ್ನೇ ಹಿಡಿದುಕೊಂಡರೆ ರಾಜ್ಯದ ಫುಟ್‌ಬಾಲ್ ಸಂಸ್ಥೆ ಅರ್ಧ ಶತಮಾನ ನಿದ್ದೆ ಹೊಡೆದಿತ್ತು ಅನ್ನಿಸುತ್ತದೆ. ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಒಂದು ರಾಜ್ಯ ಸಂಸ್ಥೆ ಹೇಗಿದೆ ಎಂದು ತಿಳಿಯಬೇಕಾದರೆ ಕಪಾಟಿನಲ್ಲಿರುವ ಕಪ್‌ಗಳನ್ನು ಎಣಿಸುವುದಕ್ಕಿಂತ, ಆ ವರ್ಷದ ಲೀಗ್ ಯಾವ ತಿಂಗಳು ಶುರುವಾಗಿ ಯಾವ ತಿಂಗಳು ಮುಗಿಯಿತು, ಎಷ್ಟು ಪಂದ್ಯ ಮುಂದಕ್ಕೆ ಹೋದವು, ಎಷ್ಟು ತಂಡ ಮೈದಾನಕ್ಕೇ ಬರಲಿಲ್ಲ ಎಂದು ನೋಡುವುದು ವಾಸಿ. ಅದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಆಟಗಾರ ತಯಾರಾಗುವುದು ಮಾತ್ರ ಅಲ್ಲೇ.

ಮೊದಲು ಆ ನಾಲ್ಕು ಹಳೆಯ ಗೆಲುವುಗಳನ್ನೇ ಸ್ವಲ್ಪ ಬಿಡಿಸಿ ನೋಡೋಣ. ಸಂತೋಷ್ ಟ್ರೋಫಿ ಶುರುವಾದದ್ದು 1941ರಲ್ಲಿ. ಬಂಗಾಳದ ಸಂತೋಷ್ ಸಂಸ್ಥಾನದ ಮಹಾರಾಜ ಮನ್ಮಥನಾಥ ರಾಯ್ ಚೌಧುರಿ ಅವರ ನೆನಪಿಗೆ ಕಲ್ಕತ್ತೆಯ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಕೊಟ್ಟ ಟ್ರೋಫಿ ಅದು. ಟ್ರೋಫಿಯೂ ಬಂಗಾಳದ್ದು, ದರ್ಬಾರೂ ಬಂಗಾಳದ್ದೇ. ಹಾಗಿದ್ದೂ ನಮ್ಮವರು ಗೆದ್ದ ನಾಲ್ಕೂ ಫೈನಲ್‌ಗಳಲ್ಲಿ ಎದುರಿಗಿದ್ದದ್ದು ಬಂಗಾಳವೇ. ನಾಲ್ಕರಲ್ಲಿ ಮೂರು ಬೆಂಗಳೂರಿನಲ್ಲಿ ನಡೆದವು. 1967–68ರದ್ದು ಮಾತ್ರ ಕಟಕ್‌ನಲ್ಲಿ. ನಾಲ್ಕೂ ಗೆಲುವು ದಾಖಲಾಗಿರುವುದು ಮೈಸೂರು ಎಂಬ ಹೆಸರಿನಲ್ಲಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ. ಹಾಗಾಗಿ ಕರ್ನಾಟಕ ಎಂದು ಬರೆದ ಅಂಗಿ ತೊಟ್ಟು ಗೆದ್ದ ಮೊದಲ ಸಂತೋಷ್ ಟ್ರೋಫಿ ರಿಯಾದ್‌ನದ್ದು.

ಮೈಸೂರು ಎಂದ ಕೂಡಲೇ ಅರಮನೆ ಕಣ್ಣಿಗೆ ಬರುತ್ತದೆ. ಆದರೆ ಈ ಆಟ ಬೆಳೆದದ್ದು ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ. ಪೇಟೆ ಮಹಾರಾಜರದ್ದು, ದಂಡು ಬ್ರಿಟಿಷರದ್ದು. 1947ರಲ್ಲಿ ದಂಡು ಪ್ರದೇಶ ಸಂಸ್ಥಾನಕ್ಕೆ ಮರಳುವವರೆಗೂ ಎರಡಕ್ಕೂ ಬೇರೆ ಬೇರೆ ಆಡಳಿತ. ರೆಜಿಮೆಂಟಿನ ಸೋಲ್ಜರುಗಳು ಸಂಜೆ ಆಡುತ್ತಿದ್ದರು. ಅವರಿಗೆ ಅಡುಗೆ ಮಾಡುವ, ಬಟ್ಟೆ ಒಗೆಯುವ, ಕುದುರೆ ನೋಡಿಕೊಳ್ಳುವ ಮನೆಗಳ ಹುಡುಗರು ಗೆರೆಯಾಚೆ ನಿಂತು ನೋಡಿ ಕಲಿತರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರ: ಬೆಂಗಳೂರು ಫುಟ್‌ಬಾಲ್‌ನ ನಕ್ಷೆ ಬರೆದರೆ ಇಂದಿಗೂ ಚುಕ್ಕಿಗಳು ಬೀಳುವುದು ಇಲ್ಲೇ. ತಮಿಳು, ಉರ್ದು, ಕನ್ನಡ, ಇಂಗ್ಲಿಷ್ ನಾಲ್ಕನ್ನೂ ಬೆರೆಸಿ ಕೂಗುವ ಗ್ಯಾಲರಿ ಹುಟ್ಟಿದ್ದೂ ಹಾಗೆ. ಮಲ್ಲೇಶ್ವರ, ಬಸವನಗುಡಿ ಕ್ರಿಕೆಟ್ಟಿನತ್ತ ಹೋದದ್ದಕ್ಕೂ ದಂಡಿನ ಬಡಾವಣೆಗಳು ಚೆಂಡನ್ನು ಕಾಲಿನಿಂದ ಒದ್ದದ್ದಕ್ಕೂ ಈ ಊರಿನ ಹಳೆಯ ಗಡಿ ಬಹುಮಟ್ಟಿಗೆ ಕಾರಣ ಎಂದೇ ನನ್ನ ಅನಿಸಿಕೆ.

ಆ ದಂಡಿನ ಹುಡುಗರು ಎಷ್ಟರ ಮಟ್ಟಿಗೆ ಬೆಳೆದರು ಎಂಬುದಕ್ಕೆ ಬೆಂಗಳೂರು ಮುಸ್ಲಿಮ್ಸ್ ತಂಡವೇ ಸಾಕ್ಷಿ. ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದಾಗಿನಿಂದ ಗೆಲ್ಲುತ್ತಿದ್ದದ್ದು ಬ್ರಿಟಿಷ್ ಸೇನಾ ತಂಡಗಳೇ. 1937ರಲ್ಲಿ ಆ ಸರಪಳಿ ಕಡಿದದ್ದು ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಎದುರಾದದ್ದು ಕಲ್ಕತ್ತಾ ಲೀಗನ್ನು 1934ರಿಂದ ಸತತವಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್, ಫಲಿತಾಂಶ 1–0. ಮರುವರ್ಷ ಮತ್ತೆ ಇವರದ್ದೇ ಕಪ್, ಈ ಸಲ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸೇನಾ ತಂಡದ ಎದುರು. 1948ರಲ್ಲಿ ಮೋಹನ್ ಬಾಗಾನ್ ವಿರುದ್ಧ ಮೂರನೆಯದು. 1911ರಲ್ಲಿ ಮೋಹನ್ ಬಾಗಾನ್ ಬರಿಗಾಲಲ್ಲಿ ಐಎಫ್‌ಎ ಶೀಲ್ಡ್ ಗೆದ್ದ ಕತೆ ದೇಶಕ್ಕೆಲ್ಲ ಗೊತ್ತು. 1937ರ ಕತೆ ಬೆಂಗಳೂರಿನಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ.

ಒಲಿಂಪಿಕ್ಸ್ ಕತೆಯೂ ಹಾಗೆಯೇ. 1948ರ ಜುಲೈ 31, ಲಂಡನ್ನಿನ ಇಲ್ಫರ್ಡ್ ಮೈದಾನ, ಎದುರಿಗೆ ಫ್ರಾನ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ. ಬಹುತೇಕರು ಬರಿಗಾಲಲ್ಲಿ, ಪಾದಕ್ಕೆ ಪಟ್ಟಿ ಸುತ್ತಿಕೊಂಡು ಆಡಿದರು. ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ಪಂದ್ಯ 1–2ರಲ್ಲಿ ಹೋಯಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಗೋಲು ಕಾಯುತ್ತಿದ್ದವರು ಮೈಸೂರು ರಾಜ್ಯದವರೇ ಆದ ಕೆ.ವಿ. ವರದರಾಜ್. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ಎದುರು 1–10ರ ಹೀನಾಯ ಸೋಲು. ಅಲ್ಲಿಯೂ ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದ್ದು. ಭಾರತ ಒಲಿಂಪಿಕ್ಸ್‌ನಲ್ಲಿ ಹೊಡೆದ ಮೊದಲ ಎರಡು ಗೋಲುಗಳೂ ಒಂದೇ ಊರಿನ ಕಾಲುಗಳಿಂದ ಬಂದವು. ಆಮೇಲೆ ಎಂ. ಕೆಂಪಯ್ಯ 1956 ಮತ್ತು 1960ರ ಒಲಿಂಪಿಕ್ಸ್‌ಗೆ ಹೋದರು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಎಡಬದಿಯ ವಿಂಗರ್ ಅರುಮೈನಾಯಗಂ ಇದ್ದರು.

ಇಷ್ಟೆಲ್ಲ ಇದ್ದೂ ಟ್ರೋಫಿ ಏಕೆ ಬರಲಿಲ್ಲ? ಈ ಪ್ರಶ್ನೆಗೆ ‘ಕ್ರಿಕೆಟ್ ನುಂಗಿತು’ ಎಂಬ ಸುಲಭದ ಉತ್ತರ ಯಾವಾಗಲೂ ಸಿದ್ಧವಿರುತ್ತದೆ. ನಿಜವಾದ ಕಾರಣ ನೋಂದಣಿ ನಿಯಮದಲ್ಲಿದೆ. ಸಂತೋಷ್ ಟ್ರೋಫಿಯಲ್ಲಿ ಆಟಗಾರ ಹುಟ್ಟಿದ ಊರು ಲೆಕ್ಕಕ್ಕಿಲ್ಲ. ಅವನು ಯಾವ ರಾಜ್ಯದ ಕ್ಲಬ್ಬಿನಲ್ಲಿ ನೋಂದಣಿಯಾಗಿದ್ದಾನೋ ಆ ರಾಜ್ಯಕ್ಕೆ ಆಡುತ್ತಾನೆ. ಅಹ್ಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಆ ಕ್ಲಬ್ಬಿನ ಪ್ರಸಿದ್ಧ ‘ಪಂಚ ಪಾಂಡವರು’ ಎಂಬ ಮುನ್ಪಡೆಯ ಐವರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಇಬ್ಬರೂ ಬೆಂಗಳೂರಿನವರು. ಕೆಂಪಯ್ಯ, ಅರುಮೈನಾಯಗಂ ಮೋಹನ್ ಬಾಗಾನ್‌ಗೆ ಹೋದರು. ಕಲ್ಕತ್ತೆಯಲ್ಲಿ ದುಡ್ಡಿತ್ತು, ಕೆಲಸ ಕೊಡಿಸುವವರಿದ್ದರು, ಒಂದೊಂದು ಲೀಗ್ ಪಂದ್ಯಕ್ಕೂ ಮೈದಾನ ತುಂಬುತ್ತಿತ್ತು. ಹೋಗಬೇಡ ಎನ್ನಲು ಇಲ್ಲಿಯವರ ಹತ್ತಿರ ಕಾರಣವೇ ಇರಲಿಲ್ಲ.

ಇನ್ನೊಂದು ಸೋರಿಕೆ ಊರೊಳಗೇ ಇದೆ. ಸಂತೋಷ್ ಟ್ರೋಫಿಯಲ್ಲಿ ರಾಜ್ಯಗಳ ಜತೆ ಸರ್ವಿಸಸ್ ಮತ್ತು ರೈಲ್ವೇಸ್ ತಂಡಗಳೂ ಆಡುತ್ತವೆ. ಬೆಂಗಳೂರಿನ ಲೀಗ್‌ನಲ್ಲಿ ಸೇನೆಯ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಆರ್ಮಿ ಸರ್ವಿಸ್ ಕೋರ್ ತಂಡಗಳು ವರ್ಷಗಟ್ಟಲೆ ಬಲವಾಗಿ ಆಡಿವೆ; ಯಲಹಂಕದ ರೈಲು ಗಾಲಿ ಕಾರ್ಖಾನೆಯ ತಂಡವೂ ಇತ್ತು. ಲೀಗ್ ಪಂದ್ಯದಲ್ಲಿ ಇಲ್ಲಿಯ ಹುಡುಗರಿಗೆ ನೀರು ಕುಡಿಸುವ ಸೇನೆಯ ಆಟಗಾರ, ಸಂತೋಷ್ ಟ್ರೋಫಿ ಬಂದಾಗ ಸರ್ವಿಸಸ್ ಅಂಗಿ ತೊಡುತ್ತಾನೆ. ರಿಯಾದ್‌ನ ಸೆಮಿಫೈನಲ್‌ನಲ್ಲಿ ಕರ್ನಾಟಕ 3–1ರಿಂದ ಸೋಲಿಸಿದ್ದು ಇದೇ ಸರ್ವಿಸಸ್ ತಂಡವನ್ನು. ಆ ಗೆಲುವಿನ ತೂಕ ಫೈನಲ್‌ಗಿಂತ ಕಡಿಮೆಯಲ್ಲ ಎಂದು ನಾನು ಹೇಳುವುದು ಇದಕ್ಕೇ.

ಈಗ ಟೂರ್ನಿಗಳ ಮಾತು. ಬೆಂಗಳೂರಿನ ದೊಡ್ಡ ಆಹ್ವಾನಿತ ಟೂರ್ನಿಯೆಂದರೆ ಸ್ಟ್ಯಾಫರ್ಡ್ ಚಾಲೆಂಜ್ ಕಪ್. 1938ರಲ್ಲಿ ಶುರುವಾದದ್ದು. ಡುರಾಂಡ್, ರೋವರ್ಸ್, ಐಎಫ್‌ಎ ಶೀಲ್ಡ್, ಡಿಸಿಎಂ ಮುಂತಾದ ಕಪ್‌ಗಳ ಸರಣಿಯಲ್ಲಿ ಬೆಂಗಳೂರಿನ ನಿಲ್ದಾಣ ಅದು. ಹೊರಗಿನ ತಂಡಗಳು ರೈಲಿನಲ್ಲಿ ಬಂದಿಳಿಯುತ್ತಿದ್ದವು, ಊರಿನ ತಂಡಗಳು ಅವುಗಳ ಮೇಲೆ ಬೀಳುತ್ತಿದ್ದವು. 1990ರ ದಶಕದಲ್ಲಿ ಅದು ನಿಂತಿತು. 2023ರಲ್ಲಿ ಕೆಎಸ್‌ಎಫ್‌ಎ, ಅಂದರೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಸುಮಾರು ಮೂರು ದಶಕಗಳ ನಂತರ ಮತ್ತೆ ನಡೆಸಿತು. ಸ್ಥಳೀಯ ಕ್ಲಬ್‌ಗಳಿಗೆ ಪುಟ್ಟಯ್ಯ ಸ್ಮಾರಕ ಕಪ್ ಇದೆ.

ನಾಕೌಟ್ ಟೂರ್ನಿ ನಡೆಸುವುದು ಲೀಗ್ ನಡೆಸುವುದಕ್ಕಿಂತ ಎಷ್ಟು ಹಗುರ ಎಂಬುದು ಕೂಡಿ ಕಳೆದರೆ ತಿಳಿಯುತ್ತದೆ. ತಂಡಗಳೆಷ್ಟೋ ಅದಕ್ಕಿಂತ ಒಂದು ಕಡಿಮೆ ಪಂದ್ಯ. 11 ತಂಡ ಬಂದರೆ 10 ಪಂದ್ಯ. 11ಕ್ಕೆ ಮೇಲಿನ ಎರಡರ ಘಾತ 16. 16ರಿಂದ 11 ಕಳೆದರೆ 5. ಐದು ತಂಡಕ್ಕೆ ಬೈ, ಅಂದರೆ ಮೊದಲ ಸುತ್ತು ಆಡದೆಯೇ ಮುಂದಿನ ಸುತ್ತಿಗೆ ಪ್ರವೇಶ, ಉಳಿದ ಆರು ತಂಡ ಮೂರು ಪಂದ್ಯ ಆಡಿ ಎಂಟರ ಘಟ್ಟ ತಲುಪುತ್ತವೆ. ಬೈ ಯಾರಿಗೆ ಎಂಬುದೇ ಜಗಳದ ಮೂಲ. ಹೊರಗಿನ ದೊಡ್ಡ ತಂಡಗಳಿಗೆ ಬೈ ಕೊಟ್ಟು ನೇರ ಕ್ವಾರ್ಟರ್ ಫೈನಲ್‌ಗೆ ಇಳಿಸಿದರೆ ಅವರ ಊಟ ವಸತಿಯ ಖರ್ಚು ನಾಲ್ಕು ದಿನ ಉಳಿಯುತ್ತದೆ, ಟಿಕೆಟ್ಟೂ ಮಾರಾಟವಾಗುತ್ತದೆ. ಊರಿನ ತಂಡಗಳು ಮೊದಲ ಸುತ್ತಿನಲ್ಲೇ ಒಬ್ಬರನ್ನೊಬ್ಬರು ಮುಗಿಸಿಕೊಳ್ಳುತ್ತವೆ. ಹಾಗೆ ಮಾಡಿದ ವರ್ಷ ಗ್ಯಾಲರಿ ತುಂಬುತ್ತದೆ, ಊರಿನ ಹುಡುಗರಿಗೆ ಸಿಕ್ಕದ್ದು ಒಂದೇ ಪಂದ್ಯ. ಕಪ್‌ಗಳ ಕಾಲ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವವರು ಇದನ್ನು ಮರೆಯುತ್ತಾರೆ: 10 ಪಂದ್ಯದ ಟೂರ್ನಿ ಮೊದಲ ಸುತ್ತಿನಲ್ಲಿ ಸೋತವನಿಗೆ 90 ನಿಮಿಷವನ್ನಷ್ಟೇ ಕೊಡುತ್ತದೆ. ಹತ್ತೊಂಬತ್ತರ ಹುಡುಗನಿಗೆ ಬೇಕಾದದ್ದು ವರ್ಷಕ್ಕೆ 30 ಪಂದ್ಯ.

ಆ 30 ಪಂದ್ಯಗಳನ್ನು ಸಾಧ್ಯವಾಗಿಸಿದ್ದು ಇಲಾಖಾ ತಂಡಗಳು. ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), ಎಚ್‌ಎಎಲ್, ಬಿಇಎಂಎಲ್, ರಕ್ಷಣಾ ಸಂಶೋಧನಾಲಯಗಳಾದ ಎಲ್‌ಆರ್‌ಡಿಇ, ಎಡಿಇ: ಬೆಂಗಳೂರಿನ ಸಾರ್ವಜನಿಕ ಉದ್ದಿಮೆ, ಸರ್ಕಾರಿ ಸಂಸ್ಥೆಗಳ ಪಟ್ಟಿಯೂ ಲೀಗ್‌ನ ಅಂಕಪಟ್ಟಿಯೂ ಒಂದು ಕಾಲಕ್ಕೆ ಒಂದೇ ಆಗಿತ್ತು. ಆಟಗಾರನಿಗೆ ಕ್ರೀಡಾ ಕೋಟಾದಲ್ಲಿ ಕಾಯಂ ನೌಕರಿ, ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆ ಬಿಡುವು, ಕಾಲು ಮುರಿದರೆ ಕಂಪನಿಯ ಆಸ್ಪತ್ರೆ, ಆಟ ಮುಗಿದ ಮೇಲೆ ಅದೇ ಕುರ್ಚಿಯಲ್ಲಿ ನಿವೃತ್ತಿಯವರೆಗೆ ಸಂಬಳ. ಈ ವ್ಯವಸ್ಥೆ ಕೊಟ್ಟ ದೊಡ್ಡ ಫಲ 1977ರದ್ದು. ದೇಶದ ಮೊದಲ ಫೆಡರೇಷನ್ ಕಪ್ ಎರ್ನಾಕುಲಂನಲ್ಲಿ ನಡೆಯಿತು. ಫೈನಲ್‌ನಲ್ಲಿ ಬೆಂಗಳೂರಿನ ಐಟಿಐ ತಂಡ ಮೋಹನ್ ಬಾಗಾನನ್ನು 1–0ರಿಂದ ಸೋಲಿಸಿತು. ಅದೇ ವರ್ಷ ಪೆಲೆ ಆಡುತ್ತಿದ್ದ ನ್ಯೂಯಾರ್ಕ್ ಕಾಸ್ಮಾಸ್ ಜತೆ ಈಡನ್ ಗಾರ್ಡನ್ಸ್‌ನಲ್ಲಿ 2–2 ಡ್ರಾ ಮಾಡಿಕೊಂಡ ಮೋಹನ್ ಬಾಗಾನ್ ಅದು. ಟೆಲಿಫೋನ್ ಜೋಡಿಸುವ ಕಾರ್ಖಾನೆಯ ನೌಕರರು ಅವರನ್ನು ಕೆಡವಿದ್ದರು. (ಪೆಲೆಯ ಪ್ರತಿಮೆ ಇರುವುದು ಗೌತಮಪುರದಲ್ಲಿ. ಐಟಿಐ ತಂಡಕ್ಕೆ ಎಲ್ಲೂ ಇಲ್ಲ. ಇರಲಿ.)

ಇದು ಮುರಿದು ಬಿದ್ದ ಬಗೆಯನ್ನು ಸರಿಯಾಗಿ ತಿಳಿದುಕೊಳ್ಳಬೇಕು; ಏಕೆಂದರೆ ಒಂದೇ ದಿನ ಮುರಿದದ್ದಲ್ಲ. 1990ರ ದಶಕದಲ್ಲಿ ದೂರಸಂಪರ್ಕ ಕ್ಷೇತ್ರ ಖಾಸಗಿಯವರಿಗೆ ತೆರೆದುಕೊಂಡಿತು, ಐಟಿಐಗೆ ಬರುತ್ತಿದ್ದ ಆರ್ಡರುಗಳು ಇಳಿದವು. ಬೇರೆ ಉದ್ದಿಮೆಗಳಲ್ಲೂ ಹೊಸ ನೇಮಕ ನಿಂತಿತು, ನೇಮಕವಾದರೂ ಕ್ರೀಡಾ ಕೋಟಾ ಕೊನೆಯ ಸಾಲಿನಲ್ಲಿ. ತಂಡವನ್ನು ಮುಚ್ಚಿದ್ದೇವೆ ಎಂದು ಯಾರೂ ಘೋಷಿಸುವುದಿಲ್ಲ. ಹೊಸಬರು ಸೇರುವುದಿಲ್ಲ, ಇದ್ದವರಿಗೆ ವರ್ಷಕ್ಕೊಂದು ವರ್ಷ ವಯಸ್ಸಾಗುತ್ತದೆ. ಸರಾಸರಿ ವಯಸ್ಸು 24 ಇದ್ದದ್ದು ಹತ್ತು ವರ್ಷದಲ್ಲಿ 34. ಆಮೇಲೆ ಪಾಳಿ ಬಿಟ್ಟು ಬರಲು ಆಗದವರು, ಮಂಡಿ ನೋವಿನವರು. ಆಟದ ನಿಯಮದ ಪ್ರಕಾರ ಒಂದು ತಂಡದಲ್ಲಿ ಕನಿಷ್ಠ ಏಳು ಜನ ಇಲ್ಲದಿದ್ದರೆ ಪಂದ್ಯ ಶುರು ಮಾಡುವಂತಿಲ್ಲ. ಏಳು ಜನ ಸೇರದ ದಿನ ವಾಕ್‌ಓವರ್. ಎದುರಾಳಿಗೆ ಸಾಮಾನ್ಯವಾಗಿ 3–0 ಗೆಲುವು. ಎಚ್‌ಎಎಲ್ 2011–12ರವರೆಗೂ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಉಳಿದುಕೊಂಡಿತ್ತು. ವೃತ್ತಿಪರ ತಂಡಗಳ ನಡುವೆ ಅದು ಕೊನೆಯ ದಿನಗಳಲ್ಲಿ ಪಟ್ಟ ಪಾಡು ನೋಡಿದರೆ ಈ ಪದ್ಧತಿಯ ಕಾಲ ಮುಗಿದಿದೆ ಎಂದು ತಿಳಿಯಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಲೀಗ್ ನಡೆಸುವ ಕೆಲಸದ ಒಳಗೆ ಇಳಿಯೋಣ. ಬೆಂಗಳೂರಿನಲ್ಲಿ ಸೂಪರ್ ಡಿವಿಷನ್, ಎ, ಬಿ, ಸಿ ಎಂದು ಏಣಿ. ಎಲ್ಲ ತಂಡ ಎಲ್ಲರೊಡನೆ ಒಂದೊಂದು ಸಲ ಆಡಿದರೆ 16 ತಂಡಕ್ಕೆ 120 ಪಂದ್ಯ, 20 ತಂಡಕ್ಕೆ 190. ವೇಳಾಪಟ್ಟಿ ಹಾಕುವ ಹಳೆಯ ಉಪಾಯ ಸರಳ: ಒಂದು ತಂಡವನ್ನು ಒಂದೇ ಜಾಗದಲ್ಲಿ ಇಟ್ಟು ಉಳಿದವನ್ನು ಸುತ್ತಿಗೊಂದು ಮನೆ ಮುಂದೆ ಸರಿಸುತ್ತಾ ಹೋಗುವುದು, ಎದುರುಬದುರು ಬಂದವು ಆಡುತ್ತವೆ. ತಂಡಗಳ ಸಂಖ್ಯೆ ಬೆಸವಾದರೆ ಒಂದು ಸುಳ್ಳು ತಂಡ ಸೇರಿಸಿ, ಅದರ ಎದುರು ಬಿದ್ದವರಿಗೆ ಆ ಸುತ್ತು ವಿಶ್ರಾಂತಿ. ಕಾಗದದ ಮೇಲೆ ಹತ್ತು ನಿಮಿಷದ ಕೆಲಸ.

ಮೈದಾನ ಒಂದೇ ಆದಾಗ ಕಷ್ಟ ಶುರು. ದಶಕಗಳ ಕಾಲ ಬೆಂಗಳೂರಿನ ಲೀಗ್‌ನ ಭಾರ ಹೊತ್ತದ್ದು ಅಶೋಕನಗರದ, ಮಗ್ರಾತ್ ರಸ್ತೆಯ ಪಕ್ಕದ ಫುಟ್‌ಬಾಲ್ ಸ್ಟೇಡಿಯಂ. ದೀಪವಿಲ್ಲದೆ ಆಡುವುದಾದರೆ ದಿನಕ್ಕೆ ಎರಡು ಪಂದ್ಯ ಹಿಡಿಸುತ್ತದೆ. ಮೊದಲನೆಯದು 1.30ಕ್ಕೆ. 45ರ ಎರಡು ಅವಧಿ, 15 ನಿಮಿಷದ ವಿರಾಮ, ಹೆಚ್ಚುವರಿ ನಿಮಿಷಗಳು ಎಲ್ಲ ಸೇರಿ 3.20. ಎರಡನೆಯ ಜೋಡಿಗೆ ಮೈ ಬಿಸಿ ಮಾಡಿಕೊಳ್ಳಲು 25 ನಿಮಿಷ, 3.45ಕ್ಕೆ ಶುರು, 5.35ಕ್ಕೆ ಮುಗಿತಾಯ. ಡಿಸೆಂಬರಿನಲ್ಲಿ ಬೆಂಗಳೂರಿನ ಸೂರ್ಯ ಮುಳುಗುವುದು ಆರರ ಆಸುಪಾಸಿನಲ್ಲಿ. ಲೀಗ್ ಆದರೆ ಸರಿ. ನಾಕೌಟ್‌ನಲ್ಲಿ ಸಮಬಲವಾಗಿ 30 ನಿಮಿಷ ಹೆಚ್ಚುವರಿ ಆಟ, ಆಮೇಲೆ ಪೆನಾಲ್ಟಿ ಎಂದಾದರೆ 6.20 ದಾಟುತ್ತದೆ, ಗೋಲ್‌ಕೀಪರ್‌ಗೆ ಚೆಂಡೇ ಕಾಣುವುದಿಲ್ಲ. ಅದಕ್ಕೇ ದೀಪವಿಲ್ಲದ ಕಡೆ ನಾಕೌಟ್ ಪಂದ್ಯಗಳಲ್ಲಿ ಹೆಚ್ಚುವರಿ ಅವಧಿಯನ್ನು ಕೈಬಿಟ್ಟು ನೇರ ಪೆನಾಲ್ಟಿಗೆ ಹೋಗುವ ನಿಯಮ ಮಾಡಿಕೊಳ್ಳುತ್ತಾರೆ. ಇಲ್ಲವೇ ಮೊದಲ ಪಂದ್ಯವನ್ನು 12.30ಕ್ಕೆ ತಂದು ಆಟಗಾರರನ್ನು ಬಿಸಿಲಿನಲ್ಲಿ ಹುರಿಯುತ್ತಾರೆ.

ದಿನಕ್ಕೆರಡರಂತೆ 190 ಪಂದ್ಯಕ್ಕೆ 95 ದಿನ. ನಡುವೆ ಸಂತೋಷ್ ಟ್ರೋಫಿಯ ಶಿಬಿರ, ಕಿರಿಯರ ರಾಷ್ಟ್ರೀಯ ಟೂರ್ನಿ, ಮಳೆ, ಪೊಲೀಸ್ ಬಂದೋಬಸ್ತ್ ಸಿಗದ ದಿನ, ಆಂಬುಲೆನ್ಸ್ ತಡವಾದ ದಿನ. ಆಂಬುಲೆನ್ಸ್ ಗೇಟಿನೊಳಗೆ ಬರುವವರೆಗೆ ಮ್ಯಾಚ್ ಕಮಿಷನರ್ ಪಂದ್ಯ ಶುರು ಮಾಡಲು ಬಿಡಬಾರದು. ಅರ್ಧ ಗಂಟೆ ತಡವಾದರೆ ಎರಡನೆಯ ಪಂದ್ಯ ಕತ್ತಲಿಗೆ ಬೀಳುತ್ತದೆ. ಹೀಗೆ ಮೂರು ತಿಂಗಳ ಲೀಗ್ ಐದು ತಿಂಗಳಾಗುತ್ತದೆ. ಮೇಲಿನ ಡಿವಿಷನ್ ಮುಗಿಯದೆ ಎ ಡಿವಿಷನ್‌ಗೆ ಮೈದಾನ ಸಿಗದು, ಎ ಮುಗಿಯದೆ ಬಿ. ಸಿ ಡಿವಿಷನ್ ತಂಡಗಳನ್ನು ಗುಂಪುಗಳಾಗಿ ಒಡೆದು ಮೂರು ನಾಲ್ಕು ಪಂದ್ಯದಲ್ಲಿ ಮನೆಗೆ ಕಳಿಸುವುದು ಜಿಪುಣತನವಲ್ಲ, ಮೈದಾನದ ದಿನಗಳು ಖಾಲಿಯಾಗಿರುತ್ತವೆ.

ಒಂದೇ ಮೈದಾನದ ಇನ್ನೊಂದು ಪೀಡೆ ಕೊನೆಯ ಸುತ್ತಿನಲ್ಲಿ ಕಾಣಿಸುತ್ತದೆ. ಜಗತ್ತಿನ ಅನೇಕ ಲೀಗ್‌ಗಳಲ್ಲಿ ಕೊನೆಯ ಸುತ್ತಿನ ನಿರ್ಣಾಯಕ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವುದು, ಬೇರೆಯವರ ಫಲಿತಾಂಶ ನೋಡಿಕೊಂಡು ಆಡದಿರಲಿ ಎಂದು. ಇಲ್ಲಿ ಅದು ಆಗದ ಮಾತು. ಹಿಂಬಡ್ತಿಯ ಅಂಚಿನಲ್ಲಿರುವ ತಂಡ ಗುರುವಾರ ಆಡಿ ಮುಗಿಸುತ್ತದೆ, ಅದರ ಪ್ರತಿಸ್ಪರ್ಧಿ ಶನಿವಾರ ಆಡುತ್ತದೆ, ತನಗೆ ಎಷ್ಟು ಗೋಲು ಬೇಕೆಂದು ಗೊತ್ತಿಟ್ಟುಕೊಂಡೇ. ಎಲ್ಲ ಪ್ರಾಮಾಣಿಕವಾಗಿ ನಡೆದರೂ ಗುಸುಗುಸು ತಪ್ಪುವುದಿಲ್ಲ. ಇದಕ್ಕೆ ಮದ್ದು ಎರಡನೆಯ ಮೈದಾನ; ಒಂದು ಮಧ್ಯಾಹ್ನದ ಮಟ್ಟಿಗಾದರೂ ಬಾಡಿಗೆಗೆ ಹಿಡಿಯಬೇಕು. ಮತ್ತೊಂದು ಮುನ್ನೆಚ್ಚರಿಕೆಯೆಂದರೆ ಅಂಕ ಸಮವಾದಾಗ ಮೊದಲು ಪರಸ್ಪರ ಪಂದ್ಯದ ಫಲಿತಾಂಶ, ಆಮೇಲೆ ಗೋಲು ವ್ಯತ್ಯಾಸ ಎಂದು ನಿಯಮ ಬರೆಯುವುದು. ವಾಕ್‌ಓವರ್‌ನ 3–0 ಸಿಕ್ಕವರಿಗೂ ಆಡಿ 1–0 ಗೆದ್ದವರಿಗೂ ಆಗ ಅಂತರ ಕಡಿಮೆಯಾಗುತ್ತದೆ. ತಂಡವೊಂದು ನಡುವೆಯೇ ಲೀಗ್ ಬಿಟ್ಟರೆ ಅದರ ಎಲ್ಲ ಫಲಿತಾಂಶ ಅಳಿಸಬೇಕೋ ಉಳಿಸಬೇಕೋ ಎಂಬುದನ್ನೂ ಮೊದಲ ಪಂದ್ಯಕ್ಕಿಂತ ಮುಂಚೆಯೇ ಬರೆದಿಟ್ಟಿರಬೇಕು. ಆಮೇಲೆ ಬರೆದರೆ ಅದು ಯಾರದ್ದೋ ಪರವಾಗಿಯೇ ಇರುತ್ತದೆ.

ಒಂದೇ ಮೈದಾನದ ಮೇಲೆ ಇಷ್ಟು ಪಂದ್ಯ ಹೇರಬೇಕೆಂದರೆ ಹುಲ್ಲು ತಾಳುವುದಿಲ್ಲ. ಅದಕ್ಕೇ ಕೃತಕ ಹುಲ್ಲು. ನೈಸರ್ಗಿಕ ಹುಲ್ಲಿನ ಅಂಕಣಕ್ಕೆ ವಾರಕ್ಕೆ ಮೂರು ನಾಲ್ಕು ಪಂದ್ಯವೇ ಹೆಚ್ಚು. ಕೃತಕ ಹಾಸಿನ ಮೇಲೆ ದಿನಕ್ಕೆರಡು ಆಡಬಹುದು, ಮಳೆ ನಿಂತ ಸ್ವಲ್ಪ ಹೊತ್ತಿಗೇ ಮತ್ತೆ ಇಳಿಯಬಹುದು. ಆದರೆ ಒಮ್ಮೆ ಹಾಸಿದರೆ ಮುಗಿಯಿತು ಎಂದುಕೊಳ್ಳುವಲ್ಲಿ ಎಲ್ಲರೂ ಎಡವುತ್ತಾರೆ. ಈ ಹಾಸಿನ ಪ್ಲಾಸ್ಟಿಕ್ ಎಸಳು ಸಾಮಾನ್ಯವಾಗಿ 40ರಿಂದ 60 ಮಿಲಿಮೀಟರ್. ಎಸಳು ನೆಟ್ಟಗೆ ನಿಲ್ಲುವುದು ತಾನಾಗಿಯೇ ಅಲ್ಲ. ಬುಡಕ್ಕೆ ತುಂಬಿದ ಸಿಲಿಕಾ ಮರಳು ಮತ್ತು ಅದರ ಮೇಲಿನ ಕಪ್ಪು ರಬ್ಬರ್ ಕಾಳುಗಳಿಂದ. 105×68 ಮೀಟರ್ ಎಂದರೆ 7,140 ಚದರ ಮೀಟರ್. ಚದರ ಮೀಟರಿಗೆ 10 ಕಿಲೋ ರಬ್ಬರ್ ಹಿಡಿದರೂ 71 ಟನ್. ಈ ಕಾಳುಗಳು ಆಟಗಾರರ ಬೂಟು, ಸಾಕ್ಸುಗಳಲ್ಲಿ ಸೇರಿಕೊಂಡು, ಮಳೆನೀರಿನ ಜತೆ ಹರಿದು ಹೊರಹೋಗುತ್ತಲೇ ಇರುತ್ತವೆ. ಮೊದಲು ಬರಿದಾಗುವುದು ಪೆನಾಲ್ಟಿ ಚುಕ್ಕಿ, ಗೋಲ್‌ಕೀಪರ್ ನಿಲ್ಲುವ ಆರು ಗಜದ ಚೌಕ, ಕಾರ್ನರ್ ಕಿಕ್‌ಗೆ ಕಾಲೂರುವ ಮೂಲೆ. ಅಲ್ಲಿ ಎಸಳು ಅಡ್ಡ ಮಲಗುತ್ತದೆ, ಚೆಂಡು ಜಾರಿದಂತೆ ಓಡುತ್ತದೆ, ಗೋಲ್‌ಕೀಪರ್‌ನ ಮೊಣಕೈ ಸಿಪ್ಪೆ ಏಳುತ್ತದೆ.

ನೋಡಿಕೊಳ್ಳುವ ಬಗೆ ಕಷ್ಟದ್ದೇನಲ್ಲ. ವಾರಕ್ಕೊಮ್ಮೆಯಾದರೂ ಎಸಳು ಮಲಗಿದ ದಿಕ್ಕಿಗೆ ಎದುರಾಗಿ ಬ್ರಷ್ ಎಳೆಯಬೇಕು. ಬರಿದಾದ ಜಾಗಕ್ಕೆ ಕಾಳು ಕೈಯಾರೆ ತುಂಬಬೇಕು, ಅದಕ್ಕೆ ಸ್ಟೋರಿನಲ್ಲಿ ಯಾವಾಗಲೂ ಕೆಲವು ಚೀಲ ಇರಬೇಕು. ಬಿಸಿಲಿನ ದಿನ ಹಾಸಿನ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವೇನಲ್ಲ, ಆದ್ದರಿಂದ 1.30ರ ಪಂದ್ಯಕ್ಕೆ ಮುಂಚೆ ನೀರು ಹೊಡೆಯಬೇಕು. ಉದ್ದನೆಯ ಲೋಹದ ಮೊಳೆಯ ಬೂಟು ಬಿಡಬಾರದು. ಫಿಫಾದ ಗುಣಮಟ್ಟದ ಪರೀಕ್ಷೆಯಲ್ಲಿ ಇಳಿಜಾರಿನಿಂದ ಬಿಟ್ಟ ಚೆಂಡು 4ರಿಂದ 10 ಮೀಟರ್ ಒಳಗೆ ನಿಲ್ಲಬೇಕು. ಹಾಸು ಸವೆದಂತೆ ಆ ದೂರ ಹೆಚ್ಚುತ್ತಾ ಹೋಗುತ್ತದೆ. ಅಂಥ ಕಡೆ ಪಾಸ್ ಕಲಿತ ಹುಡುಗ ಸಂತೋಷ್ ಟ್ರೋಫಿಗೆ ನೈಸರ್ಗಿಕ ಹುಲ್ಲಿಗೆ ಇಳಿದಾಗ ಅವನ ಪಾಸುಗಳೆಲ್ಲ ಎರಡು ಗಜ ಮೊದಲೇ ನಿಲ್ಲುತ್ತವೆ. ಶಿಬಿರದ ಮೊದಲ ವಾರ ಇದನ್ನು ಸರಿಪಡಿಸುವುದರಲ್ಲೇ ಕಳೆಯುತ್ತದೆ.

ಕಾಗದಪತ್ರದ ಕತೆ ಚಿಕ್ಕದು. ಈಗ ಪ್ರತಿ ಆಟಗಾರನೂ ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ನಡೆಸುವ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ ಇರಲೇಬೇಕು. ಹಳೆಯ ಕ್ಲಬ್ ಬಿಡುಗಡೆ ಕೊಡದೆ ಹೊಸ ಕ್ಲಬ್‌ಗೆ ಆಡುವಂತಿಲ್ಲ. ಕ್ಲಬ್ ಕಾರ್ಯದರ್ಶಿಗಳು ವರ್ಗಾವಣೆ ಅವಧಿಯ ಕೊನೆಯ ದಿನ ಸಂಜೆ ಅರ್ಜಿ ಹಾಕುತ್ತಾರೆ, ಜನನ ಪ್ರಮಾಣಪತ್ರದ ಹೆಸರಿಗೂ ಆಧಾರ್ ಹೆಸರಿಗೂ ಇನಿಷಿಯಲ್ ಹೊಂದುವುದಿಲ್ಲ, ಅರ್ಜಿ ತಿರಸ್ಕಾರವಾಗುತ್ತದೆ. ಕಿರಿಯರ ವಿಭಾಗದಲ್ಲಿ ವಯಸ್ಸಿನ ಕಳ್ಳಾಟ ತಡೆಯಲು ಮಣಿಕಟ್ಟಿನ ಎಕ್ಸ್-ರೇ ನೋಡಿ ಮೂಳೆಯ ವಯಸ್ಸು ಅಂದಾಜು ಮಾಡುವ ಪರೀಕ್ಷೆ ಇದೆ. ಇದು ಬಂದ ಮೇಲೆ ‘ಹದಿನೈದರ ಮೀಸೆಯವರು’ ಕಡಿಮೆಯಾಗಿದ್ದಾರೆ.

2013ರಲ್ಲಿ ಬೆಂಗಳೂರು ಎಫ್‌ಸಿ ಬಂದಾಗ ಅದೇ ಅಶೋಕನಗರದ ಸ್ಟೇಡಿಯಂ ಅದರ ಮನೆಯಾಯಿತು. ಮೊದಲ ಪಂದ್ಯ ಸೆಪ್ಟೆಂಬರ್ 22, ಮೋಹನ್ ಬಾಗಾನ್ ಎದುರು 1–1. ಮೊದಲ ವರ್ಷವೇ ಐ-ಲೀಗ್ ಕಿರೀಟ. ಮುಂದಿನ ವರ್ಷ ತಂಡ ಕಂಠೀರವಕ್ಕೆ ಹೋಯಿತು. ದೊಡ್ಡ ಗ್ಯಾಲರಿ, ಫ್ಲಡ್‌ಲೈಟ್ ಎಲ್ಲ ಇದೆ. ಆದರೆ ಅದು ಅಥ್ಲೆಟಿಕ್ಸ್‌ಗೆಂದು ಕಟ್ಟಿದ ಕ್ರೀಡಾಂಗಣ, ಪ್ರೇಕ್ಷಕರಿಗೂ ಅಂಕಣಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. 2023ರ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಅಲ್ಲೇ ನಡೆದು ಭಾರತ ಕುವೈತ್‌ನ್ನು ಪೆನಾಲ್ಟಿಯಲ್ಲಿ ಸೋಲಿಸಿತು. ರಾಜ್ಯದ ಲೀಗ್‌ಗೆ ಇದರಿಂದ ಸಿಕ್ಕ ಲಾಭ ಬೇರೆ: ಬೆಂಗಳೂರು ಎಫ್‌ಸಿಯ ಕಿರಿಯರ ತಂಡ ಸೂಪರ್ ಡಿವಿಷನ್‌ನಲ್ಲಿ ಆಡತೊಡಗಿತು. ಜತೆಗೆ ಸೌತ್ ಯುನೈಟೆಡ್, ಓಝೋನ್, ಕಿಕ್‌ಸ್ಟಾರ್ಟ್, ಎಫ್‌ಸಿ ಬೆಂಗಳೂರು ಯುನೈಟೆಡ್ ಮುಂತಾದ ಖಾಸಗಿ ಕ್ಲಬ್‌ಗಳು ಬಂದವು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023–24ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿತು. ಮಹಿಳೆಯರಲ್ಲಿ ಕಿಕ್‌ಸ್ಟಾರ್ಟ್ 2023ರ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ತಲುಪಿ ಗೋಕುಲಂ ಕೇರಳಕ್ಕೆ 0–5ರಿಂದ ಸೋತಿತು. ಅಂತರ ದೊಡ್ಡದು, ಫೈನಲ್ ತಲುಪಿದ್ದೂ ಚಿಕ್ಕದಲ್ಲ. ಖಾಸಗಿ ಕ್ಲಬ್‌ನಲ್ಲಿ ಹುಡುಗನಿಗೆ ತರಬೇತಿ ಚೆನ್ನಾಗಿ ಸಿಗುತ್ತದೆ. ಐಟಿಐ ಕೊಡುತ್ತಿದ್ದ ನಿವೃತ್ತಿಯವರೆಗಿನ ಕುರ್ಚಿ ಮಾತ್ರ ಇಲ್ಲ. ಮಾಲೀಕರ ಕೈ ಬರಿದಾದರೆ ಕ್ಲಬ್ಬೂ ಇಲ್ಲ.

ರಿಯಾದ್‌ನಲ್ಲಿ ಗೆದ್ದ ತಂಡ ಈ ಲೀಗ್‌ನ ಫಸಲು. ತರಬೇತುದಾರ ರವಿ ಬಾಬು ರಾಜು, ನಾಯಕ ಕಾರ್ತಿಕ್ ಗೋವಿಂದ ಸ್ವಾಮಿ. ಪಂದ್ಯ ಶುರುವಾದ ಕೂಡಲೇ ಸುನಿಲ್ ಕುಮಾರ್ ಗೋಲು, ಸ್ವಲ್ಪ ಹೊತ್ತಿಗೇ ಪೆನಾಲ್ಟಿಯಲ್ಲಿ ಮೇಘಾಲಯ ಸಮಬಲ, 19ನೇ ನಿಮಿಷಕ್ಕೆ ಬೇಕೆ ಓರಾಂ ಮತ್ತೆ ಮುನ್ನಡೆ ತಂದರು. ವಿರಾಮಕ್ಕೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ದೂರದಿಂದ ಒದ್ದ ಫ್ರೀ ಕಿಕ್ ಬಲೆ ಸೇರಿತು. ಎರಡನೆಯ ಅವಧಿಯಲ್ಲಿ ಮೇಘಾಲಯ ಇನ್ನೊಂದು ಹೊಡೆದ ಮೇಲೆ ಉಳಿದ ಅರ್ಧ ಗಂಟೆ ರಕ್ಷಣೆಯ ಆಟ. ಅಂಥ ಅರ್ಧ ಗಂಟೆ ತಾಳಿಕೊಳ್ಳುವುದನ್ನು ಹತ್ತು ದಿನದ ಶಿಬಿರ ಕಲಿಸುವುದಿಲ್ಲ. ಅಶೋಕನಗರದಲ್ಲಿ ಖಾಲಿ ಗ್ಯಾಲರಿ ಮುಂದೆ 1.30ರ ಬಿಸಿಲಲ್ಲಿ ಒಂದು ಗೋಲಿನ ಮುನ್ನಡೆ ಕಾಯ್ದುಕೊಂಡವರಿಗೆ ಅದು ಅಭ್ಯಾಸವಾಗಿರುತ್ತದೆ.

ಬಾಕಿ ಉಳಿದಿರುವುದು ಜಿಲ್ಲೆಗಳ ವಿಚಾರ. ಗೋವೆಯ ನೆರೆ ಮತ್ತು ಮರಾಠಾ ಲಘು ಪದಾತಿ ದಳದ ಕೇಂದ್ರ ಎರಡೂ ಇರುವ ಬೆಳಗಾವಿ, ಗಣಿ ಕಾಲೊನಿಗಳ ಕೆಜಿಎಫ್, ನೆಹರೂ ಮೈದಾನದ ಮಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡ: ಆಟ ಗೊತ್ತಿರುವ ಊರುಗಳು ಇವು. ಹೆಚ್ಚಿನ ಕಡೆ ವರ್ಷಕ್ಕೆರಡು ನಾಕೌಟ್ ಟೂರ್ನಿ ಬಿಟ್ಟರೆ ಮತ್ತೇನೂ ನಡೆಯುವುದಿಲ್ಲ, ಆಯ್ಕೆಯ ಟ್ರಯಲ್ಸ್‌ಗೆ ಹುಡುಗರು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು ಬೆಳಗ್ಗೆ ನಿದ್ದೆಗಣ್ಣಲ್ಲಿ 20 ನಿಮಿಷ ಓಡಿ ವಾಪಸಾಗುತ್ತಾರೆ. ಜಿಲ್ಲಾ ಲೀಗ್‌ಗೆ ದೊಡ್ಡ ದುಡ್ಡು ಬೇಕಿಲ್ಲ. ಎಂಟು ತಂಡ, ಪರಸ್ಪರ ಎರಡು ಸಲ: 56 ಪಂದ್ಯ. ಶನಿವಾರ ಎರಡು, ಭಾನುವಾರ ಎರಡು ಆಡಿಸಿದರೆ 14 ವಾರ. ನವೆಂಬರ್ ಮೊದಲ ಶನಿವಾರ ಶುರು ಮಾಡಿದರೆ ಫೆಬ್ರುವರಿ ಮೊದಲ ವಾರದಲ್ಲಿ ಮುಗಿಯುತ್ತದೆ, ಮಾರ್ಚ್ ಪರೀಕ್ಷೆಗಳಿಗೆ ಮುಂಚೆ. ಬೇಕಾದದ್ದು ಒಂದು ಮೈದಾನ, ಸರದಿಯ ಮೇಲೆ ಆರೇಳು ರೆಫರಿಗಳು, ಒಂದು ಆಂಬುಲೆನ್ಸ್, ಮತ್ತೆ ಫೆಬ್ರುವರಿಯವರೆಗೆ ಆ ಮೈದಾನವನ್ನು ವಾರಾಂತ್ಯದಲ್ಲಿ ವಸ್ತುಪ್ರದರ್ಶನಕ್ಕೂ ರಾಜಕೀಯ ಸಭೆಗೂ ಕೊಡುವುದಿಲ್ಲವೆಂದು ಜಿಲ್ಲಾಡಳಿತದಿಂದ ಲಿಖಿತ ಪತ್ರ. ಕೊನೆಯದನ್ನು ಸೆಪ್ಟೆಂಬರಿನಲ್ಲೇ ಪಡೆದುಕೊಳ್ಳಬೇಕು.